ಅವರು ರಾತ್ರಿ ಎಲ್ಲಿ ಮಲಗ್ತಾರೆ?

ಅಣ್ಣನ ಮಗ ಲಡಾಖಿಗೆ ಹೋಗಿ ಬಂದ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗ. ಕಂತಿನ ಸಾಲದಲ್ಲಿ ಒಂದು ಬುಲೆಟ್ ಬೈಕು ತಗೊಂಡಿದ್ದ. ಅದನ್ನು ರೈಲಿಗೆ ಹಾಕಿಸಿ, ಆಮೇಲೆ ಮನಾಲಿಯಿಂದ ಲೇಹ್‌ವರೆಗೆ, ಲೇಹ್‌ನಿಂದ ಖರ್ದುಂಗ್ ಲಾವರೆಗೆ ಗೆಳೆಯರ ಜೊತೆ ಓಡಿಸಿಕೊಂಡು ಹೋಗಿದ್ದ. ಊರಿಗೆ ಬಂದವನು ಮನೆ ಮುಂದೆ ಜಗಲಿ ಮೇಲೆ ಕೂತು ಫೋನಿನಲ್ಲಿ ಫೋಟೋ ತೋರಿಸಿದ. ಕೇರಿಯ ಹುಡುಗರೆಲ್ಲ ಸುತ್ತ ನೆರೆದಿದ್ದರು.

ಒಂದು ಫೋಟೋ ಎಲ್ಲರಿಗೂ ಹಿಡಿಸಿತು. ಹಳದಿ ಬೋರ್ಡಿನ ಮುಂದೆ ಇವನು ಎರಡೂ ಕೈ ಮೇಲೆತ್ತಿ ನಿಂತಿದ್ದಾನೆ. ಹಿಂದೆ ಬಣ್ಣಬಣ್ಣದ ಬಾವುಟಗಳು, ಅದರಾಚೆ ಬಿಳೀ ಬೆಟ್ಟ, ಅದರಾಚೆ ಆಕಾಶ. ಬೆರಳಿನಿಂದ ಸರಿಸುತ್ತಾ ಹೋದಾಗ ಅದೇ ಫೋಟೋ ಇನ್ನೊಂದು ಸಲ ಬಂತು. ಇದು ಸ್ವಲ್ಪ ಅಗಲವಾಗಿತ್ತು. ಎಡಗಡೆ ಅಂಚಿನಲ್ಲಿ ಒಂದು ಡಾಂಬರಿನ ಪೀಪಾಯಿ, ಕರೀ ಹೊಗೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡ ಇಬ್ಬರು ಗಂಡಸರು, ಜಲ್ಲಿ ಗುಡ್ಡೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ ಒಬ್ಬಳು ಹೆಂಗಸು.

‘ಮೊದಲು ತೆಗೆದಿದ್ದು ಇದೇ ಚಿಕ್ಕಪ್ಪ. ಎಲ್ಲರಿಗೂ ಕಳಿಸೋವಾಗ ಆ ಸೈಡು ಕಟ್ ಮಾಡಿದೆ.’

‘ಯಾಕಪ್ಪ?’

‘ಫೋಟೋ ನೀಟಾಗಿ ಬರಲಿ ಅಂತ.’

ಅವನು ಕೆಟ್ಟವನಲ್ಲ. ಸಂಬಳದಲ್ಲಿ ಮನೆಗೆ ದುಡ್ಡು ಕಳಿಸುತ್ತಾನೆ, ಏಪ್ರಿಲ್ 14ಕ್ಕೆ ತಪ್ಪದೆ ಊರಿಗೆ ಬರುತ್ತಾನೆ. ಆದರೆ ಅವನ ಅಪ್ಪ, ನನ್ನ ಅಣ್ಣ, ಇಪ್ಪತ್ತು ವರ್ಷಕ್ಕೂ ಮೇಲೆ ರಸ್ತೆ ಬದಿಯಲ್ಲಿ ಕೂತು ಜಲ್ಲಿ ಒಡೆದವನು. ಚೂರು ಸಿಡಿದು ಬಲಗಣ್ಣಿನಲ್ಲಿ ಹೂವು ಬಿದ್ದಿದೆ. ಜಲ್ಲಿ ಒಡೆದವನ ಮಗ ಜಲ್ಲಿ ಒಡೆಯುವವರನ್ನು ಫೋಟೋದಿಂದ ಕತ್ತರಿಸಿ ತೆಗೆದ. ಇದನ್ನೇ ಯೋಚಿಸುತ್ತಾ ಕೂತಿದ್ದೇನೆ. ಚೆಲುವನ್ನು ನೋಡಿ ಸುಖಪಡುವ ಹಕ್ಕು ಯಾರಿಗಿದೆ? ಒಬ್ಬರ ದುಡಿಮೆಯ ಮೇಲೆ ನಿಂತು ಇನ್ನೊಬ್ಬರು ಕಾಣುವ ನೋಟದಲ್ಲಿ ಎಷ್ಟು ನಿಜ, ಎಷ್ಟು ಮರೆವು?

ಮೊದಲು ಆ ದಾರಿ ಎಂಥದು ಅಂತ ಹೇಳಬೇಕು. ಹೇಳದೆ ವಾದ ಮಾಡಿದರೆ ಕಾಣದ್ದನ್ನು ಬೈದ ಹಾಗಾಗುತ್ತದೆ.

ಮನಾಲಿ ಇರುವುದು ಸುಮಾರು 6,700 ಅಡಿ ಎತ್ತರದಲ್ಲಿ. ಅಲ್ಲಿಂದ ಲೇಹ್‌ಗೆ ನಾನೂರು ಚಿಲ್ಲರೆ ಕಿಲೋಮೀಟರ್. ಮೊದಲೆಲ್ಲ ರೋಹ್ತಾಂಗ್ ಕಣಿವೆಯನ್ನು ಹತ್ತಿ ಇಳಿದೇ ಹೋಗಬೇಕಿತ್ತು, 13,050 ಅಡಿ. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಬೆಟ್ಟದ ಹೊಟ್ಟೆಯೊಳಗಿಂದಲೇ ಆಚೆ ದಾಟಬಹುದು. ಮುಂದೆ ತಾಂಡಿಯಲ್ಲಿ ಚಂದ್ರಾ, ಭಾಗಾ ಎಂಬ ಎರಡು ಹೊಳೆ ಕೂಡಿ ಚಿನಾಬ್ ಆಗುತ್ತವೆ. ಕೇಲಾಂಗ್, ದಾರ್ಚಾ ಕಳೆದರೆ ಬಾರಾಲಾಚಾ ಲಾ, 16,040 ಅಡಿ. ‘ಲಾ’ ಎಂದರೆ ಅಲ್ಲಿನ ಮಾತಿನಲ್ಲಿ ಬೆಟ್ಟಸಾಲನ್ನು ದಾಟುವ ಕಣಿವೆ ದಾರಿ. ಆಮೇಲೆ ಸರ್ಚು ಬಯಲು. ಅದಾದ ಮೇಲೆ ಗಾಟಾ ತಿರುವುಗಳು, ಒಂದರ ಮೇಲೊಂದು 21. ನಕೀ ಲಾ, ಲಾಚುಲುಂಗ್ ಲಾ ದಾಟಿ ಪಾಂಗ್‌ಗೆ ಇಳಿದರೆ ಮೋರೆ ಎಂಬ ಚಪ್ಪಟೆ ಬಯಲು. ಕೊನೆಗೆ ತಂಗ್ಲಾಂಗ್ ಲಾ, 17,480 ಅಡಿ. ಅಲ್ಲಿಂದ ಇಳಿದರೆ ಉಪ್ಶಿಯಲ್ಲಿ ಸಿಂಧೂ ನದಿ, ಅದರ ಪಕ್ಕಕ್ಕೇ ಹೋದರೆ ಲೇಹ್.

ಲೇಹ್‌ನಿಂದ ಉತ್ತರಕ್ಕೆ ಸುಮಾರು ನಲವತ್ತು ಕಿಲೋಮೀಟರ್ ಹತ್ತಿದರೆ ಖರ್ದುಂಗ್ ಲಾ. ಜಗತ್ತಿನಲ್ಲೇ ಎತ್ತರದ ಮೋಟಾರು ರಸ್ತೆ, 18,380 ಅಡಿ ಅಂತ ಬಹುಕಾಲ ಅಲ್ಲಿ ಬೋರ್ಡಿತ್ತು. ಸರಿಯಾಗಿ ಅಳೆದಾಗ ಬಂದದ್ದು 17,582 ಅಡಿ. ಬೋರ್ಡು ಎಂಟುನೂರು ಅಡಿ ಸುಳ್ಳು ಹೇಳಿತ್ತು. ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡವರಿಗೆ ಅದರಿಂದ ಏನೂ ನಷ್ಟವಾಗಲಿಲ್ಲ. 2021ರಲ್ಲಿ ಲಡಾಖಿನದೇ ಉಮ್ಲಿಂಗ್ ಲಾ ರಸ್ತೆಗೆ, 19,024 ಅಡಿ, ಗಿನ್ನೆಸ್‌ನವರು ದಾಖಲೆ ಪತ್ರ ಕೊಟ್ಟರು. ಆಮೇಲೆ ಅದಕ್ಕಿಂತ ಮೇಲಕ್ಕೂ ರಸ್ತೆ ಕಡಿದಿದ್ದಾರೆ.

ದಾರಿ ಚೆಲುವಾಗಿದೆ. ಈ ಮಾತಿಗೆ ನಾನು ತಕರಾರು ತೆಗೆಯುವುದಿಲ್ಲ. ಒಂದು ಮರವಿಲ್ಲದ ಬೆಟ್ಟಗಳು. ತಾಮ್ರದ ಬಣ್ಣ, ತುಕ್ಕಿನ ಬಣ್ಣ, ಒಣಗಿದ ನೇರಳೆಯ ಬಣ್ಣ. ‘ಚಿಕ್ಕಪ್ಪ, ಅಲ್ಲಿ ನಿಂತರೆ ನಾನು ಯಾರು, ಯಾವ ಊರು, ಯಾವ ಜಾತಿ ಎಲ್ಲಾ ಮರೆತೋಯ್ತು’ ಅಂದ ಹುಡುಗ. ಈ ಮಾತನ್ನು ನಗುತ್ತಾ ಕೇಳಿದೆ. ಆದರೆ ಎದೆಗೆ ತಾಗಿತು. ಜಾತಿ ಮರೆಯಲು ನಮ್ಮ ಹುಡುಗ ಹದಿನೇಳು ಸಾವಿರ ಅಡಿ ಹತ್ತಬೇಕಾಯಿತಲ್ಲ.

ನಮ್ಮ ಕಾಲದಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವಿತ್ತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ದಿನಗಳಲ್ಲಿ ನಾವೆಲ್ಲ ಕುದಿಯುವ ವಯಸ್ಸಿನವರು. ಬೆಟ್ಟ, ಬೆಳದಿಂಗಳು, ಸೂರ್ಯೋದಯ ಅಂತ ಯಾರಾದರೂ ಪದ್ಯ ಓದಿದರೆ ಎದ್ದು ನಿಂತು ಕೇಳುತ್ತಿದ್ದೆವು: ಸ್ವಾಮಿ, ಸೂರ್ಯ ಹುಟ್ಟುವ ಹೊತ್ತಿಗೆ ನಮ್ಮಪ್ಪ ಗೌಡರ ಹೊಲದಲ್ಲಿರುತ್ತಾನೆ, ಅವನು ಯಾವಾಗ ನೋಡಬೇಕು? ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಅದರಿಂದ ನಾವು ಒಂದು ತಪ್ಪು ತೀರ್ಮಾನಕ್ಕೆ ಬಂದೆವು. ಚೆಲುವು ಉಳ್ಳವರ ಆಸ್ತಿ, ದುಡಿಯುವವನಿಗೆ ಅದು ಬೇಡ ಅಂದೆವು. ಕಸಿದುಕೊಂಡಿದ್ದನ್ನು ಹಿಂದಕ್ಕೆ ಕೇಳುವ ಬದಲು ‘ನಮಗೆ ಬೇಡ’ ಅಂತ ಬಿಟ್ಟುಕೊಟ್ಟೆವು.

ಅದೇ ಹಳೆಯ ಮಾತನ್ನು ಹುಡುಗನಿಗೆ ಹೇಳಿದೆ. ಅವನು ಬಿಡಲಿಲ್ಲ.

‘ಚಿಕ್ಕಪ್ಪ, ನಮ್ಮಪ್ಪ ಊರೊಳಗಿನ ಬೀದೀಲಿ ಚಪ್ಪಲಿ ಕೈಲಿ ಹಿಡ್ಕೊಂಡು ನಡೆದ ಅಂತ ನೀವೇ ಹೇಳಿದ್ರಿ. ನಾನು ಬೂಟು ಹಾಕ್ಕೊಂಡು ದೇಶದ ನೆತ್ತಿ ಮೇಲಿರೋ ರಸ್ತೇಲಿ ಗಾಡಿ ಓಡಿಸಿದೆ. ಬೇರೆಯವರ ಮಕ್ಕಳು ಹೋದರೆ ಟೂರು, ನಮ್ಮ ಮಕ್ಕಳು ಹೋದರೆ ದ್ರೋಹನಾ?’

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಬಾಬಾಸಾಹೇಬರು ಬರೆದಿಟ್ಟ ಒಂದು ಪ್ರಸಂಗ ನೆನಪಾಯಿತು. ಅದು 1929. ಅಸ್ಪೃಶ್ಯರ ಕಷ್ಟಗಳ ವಿಚಾರಣೆಗೆ ಮುಂಬಯಿ ಸರ್ಕಾರ ನೇಮಿಸಿದ್ದ ಸಮಿತಿಯಲ್ಲಿ ಅವರಿದ್ದರು. ಧುಲಿಯಾದಿಂದ ಹಿಂದಿರುಗುವಾಗ ಚಾಳೀಸಗಾಂವಿನಲ್ಲಿ ಇಳಿದರು. ಸ್ಟೇಷನ್ನಿನಿಂದ ಮಹಾರರ ಕೇರಿ ದೂರ. ಅವರನ್ನು ಕೂರಿಸಿಕೊಂಡು ಟಾಂಗಾ ಓಡಿಸಲು ಯಾವ ಟಾಂಗಾದವನೂ ಒಪ್ಪಲಿಲ್ಲ. ಅತಿಥಿಯನ್ನು ನಡೆಸಿಕೊಂಡು ಹೋಗುವುದು ಅವಮಾನ ಅಂತ ಕೇರಿಯವರು ಟಾಂಗಾ ಬಾಡಿಗೆಗೆ ತಂದು, ಓಡಿಸಿ ಅಭ್ಯಾಸವಿಲ್ಲದ ತಮ್ಮವನೊಬ್ಬನನ್ನೇ ಕೂರಿಸಿದರು. ಹೊಳೆಯ ಮೇಲಿನ ಮೋರಿಯ ಹತ್ತಿರ ಚಕ್ರ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದರು, ಕಾಲು ಮುರಿಯಿತು. ಬ್ಯಾರಿಸ್ಟರ್ ಆದವನನ್ನೂ ಒಬ್ಬ ಟಾಂಗಾದವನು ತನಗಿಂತ ಕೀಳು ಅಂತ ತಿಳಿಯುತ್ತಾನೆ ಎಂಬುದು ಅವರಿಗೆ ಅಂದು ಅರ್ಥವಾಯಿತು.

ನಮಗೆ ಗಾಡಿಯ ಮೇಲೆ ಕೂರುವುದು ಬರೀ ಸವಾರಿಯಲ್ಲ. ರಸ್ತೆಯೂ ನಮಗೆ ಬರೀ ರಸ್ತೆಯಲ್ಲ. 1924ರಲ್ಲಿ ವೈಕಂನಲ್ಲಿ ಜನ ಜೈಲಿಗೆ ಹೋದದ್ದು ದೇವರನ್ನು ಮುಟ್ಟಬೇಕು ಅಂತಲ್ಲ, ಗುಡಿಯ ಸುತ್ತಲಿನ ರಸ್ತೆಯಲ್ಲಿ ನಡೆಯಬೇಕು ಅಂತ. ಹೀಗಿರುವಾಗ ನಮ್ಮ ಹುಡುಗ ಬುಲೆಟ್ ಏರಿ ಖರ್ದುಂಗ್ ಲಾ ಹತ್ತಿದ್ದನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಆ ಮಾತನ್ನು ಹಿಂದಕ್ಕೆ ತಗೊಂಡೆ.

ಆದರೆ ಕತ್ತರಿಸಿದ ಫೋಟೋ ಹಾಗೇ ಉಳಿಯಿತು. ಅಂಚಿನಲ್ಲಿದ್ದ ಆ ಮೂವರು ಯಾರು?

ಆ ರಸ್ತೆಗಳ ಕೆಲಸ ನೋಡಿಕೊಳ್ಳುವುದು ಗಡಿ ರಸ್ತೆಗಳ ಸಂಸ್ಥೆ. ಚೀನಾ ಗಡಿಯ ಭಯ ಏರುತ್ತಿದ್ದ ದಿನಗಳಲ್ಲಿ, 1960ರ ಮೇ 7ರಂದು ಹುಟ್ಟಿದ್ದು. ರಸ್ತೆ ಕಡಿದದ್ದು ಸೈನ್ಯದ ಲಾರಿಗಳಿಗೆ. ನೋಟ ಆಮೇಲೆ ಬಂದದ್ದು. ಕೈಕೆಲಸ ಮಾಡುವವರು ಬಹುಪಾಲು ದೂರದಿಂದ ಬರುವ ದಿನಗೂಲಿಗಳು. ಜಾರ್ಖಂಡಿನ ದುಮ್ಕಾ ಕಡೆಯ ಸಂತಾಲರು, ಬಿಹಾರದವರು, ನೇಪಾಳದವರು. ಬಯಲಿನ ಬಿಸಿಲಿನಲ್ಲಿ ಹುಟ್ಟಿದ ಜನ. ಹಿಮ ಕರಗಿದಾಗ ಬಂದು, ಹಿಮ ಬೀಳುವವರೆಗೆ ಕೆಲಸ ಮಾಡಿ ಹೋಗುತ್ತಾರೆ.

ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರದ ದಂಡೆಯಲ್ಲಿ ಸಿಗುವುದರ ಸುಮಾರು ಅರ್ಧ. ಆದ್ದರಿಂದ ಖರ್ದುಂಗ್ ಲಾದ ತುದಿಯಲ್ಲಿ ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ ಅಂತ ಪ್ರವಾಸಿಗಳಿಗೆ ಹೇಳುತ್ತಾರೆ. ಒಳ್ಳೆಯ ಬುದ್ಧಿಮಾತು. ನಮ್ಮ ಹುಡುಗ ಕೂಡ ತಲೆ ನೋವು ಬಂತು ಅಂತ ಬೇಗ ಇಳಿದ. ಅಲ್ಲೇ ಪಕ್ಕದಲ್ಲಿ ಸುತ್ತಿಗೆ ಹಿಡಿದವನಿಗೆ ಈ ಇಪ್ಪತ್ತು ನಿಮಿಷದ ಲೆಕ್ಕ ಇಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ, ತಿಂಗಳಾನುಗಟ್ಟಲೆ ಅವನು ಅದೇ ಗಾಳಿ ಕುಡಿಯಬೇಕು. ಎರಡು ಥರದ ಮನುಷ್ಯರಿಗೆ ಎರಡು ಥರದ ಪುಪ್ಪುಸ ಇರುತ್ತದೇನು?

ಬೆಟ್ಟದ ರಸ್ತೆಗಳ ಬುಡದಲ್ಲಿ ಬಿಟ್ಟಿ ಚಾಕರಿಯ ಹಳೇ ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಆ ಸೀಮೆಗಳಲ್ಲಿ ಅದಕ್ಕೆ ಬೇಗಾರ್ ಎಂದು ಹೆಸರು. ಸಾಹೇಬನ ಪೆಟ್ಟಿಗೆ ಹೊರಲು, ಸಾಹೇಬನ ರಸ್ತೆ ಕಡಿಯಲು ಹಳ್ಳಿಹಳ್ಳಿಯ ಹೆಸರು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. 1921ರ ಜನವರಿಯಲ್ಲಿ, ಸಂಕ್ರಾಂತಿಯ ಜಾತ್ರೆಗೆ ನೆರೆದ ಕುಮಾವ್ಞೂನಿನ ಜನ ಬಾಗೇಶ್ವರದಲ್ಲಿ ಆ ರಿಜಿಸ್ಟರುಗಳನ್ನು ಸರಯೂ ಹೊಳೆಗೆ ಎಸೆದರು. ಇನ್ನು ಬಿಟ್ಟಿ ಮಾಡುವುದಿಲ್ಲ ಅಂತ ಅದೇ ನೀರು ಮುಟ್ಟಿ ಆಣೆ ಮಾಡಿದರು. ಬೆಟ್ಟದವರ ಬಂಡಾಯ ಅದು. ಈಗಿನದು ಬಿಟ್ಟಿಯಲ್ಲ, ಕೂಲಿ ಇದೆ. ಆ ವ್ಯತ್ಯಾಸ ದೊಡ್ಡದು, ಅದನ್ನು ಹಗುರ ಮಾಡಬಾರದು. ಆದರೆ ಕೂಲಿ ಕೊಟ್ಟ ಮಾತ್ರಕ್ಕೆ ಮನುಷ್ಯ ಅಂತ ಒಪ್ಪಿಕೊಂಡ ಹಾಗಾಯಿತೇ?

ಒಂದು ವಿಷಯ ಹೇಳುತ್ತೇನೆ. ಗಡಿ ರಸ್ತೆ ಕೆಲಸದಲ್ಲಿ ಕಾಯಂ ನೌಕರ ಸತ್ತರೆ ಹೆಣವನ್ನು ಕೆಡದಂತೆ ಇಟ್ಟು ಸರ್ಕಾರದ ಖರ್ಚಿನಲ್ಲಿ ಊರಿಗೆ ಕಳಿಸುವ ಏರ್ಪಾಡು ಇತ್ತು. ದಿನಗೂಲಿಗೆ ಇರಲಿಲ್ಲ. ದುಮ್ಕಾದ ಬಡವ ತನ್ನ ಮಗನ ಹೆಣವನ್ನು ತನ್ನ ಖರ್ಚಿನಲ್ಲೇ ತರಿಸಿಕೊಳ್ಳಬೇಕಿತ್ತು. ತರಿಸಿಕೊಳ್ಳಲಾಗದಿದ್ದರೆ ಕೆಲಸದ ಜಾಗದಲ್ಲೇ ಮಣ್ಣು. ಅದಕ್ಕೆ ಕೊಡುತ್ತಿದ್ದುದು ಸಾವಿರ ರೂಪಾಯಿ. ದಿನಗೂಲಿಗಳಿಗೂ ಹೆಣ ಸಾಗಿಸುವ ಸೌಲಭ್ಯ ಕೊಟ್ಟು, ಸಾವಿರವನ್ನು ಹತ್ತು ಸಾವಿರ ಮಾಡಿದ್ದು 2023ರ ಸೆಪ್ಟೆಂಬರಿನಲ್ಲಿ. ಸಂಸ್ಥೆ ಹುಟ್ಟಿ 63 ವರ್ಷ ಆದ ಮೇಲೆ. ಬದುಕಿದ್ದಾಗ ಊರು-ಕೇರಿ ಬೇರೆ, ಸತ್ತಾಗ ಸುಡುಗಾಡು ಬೇರೆ ಅನ್ನುವುದನ್ನು ನಾವು ಬಲ್ಲೆವು. ಅದೇ ಲೆಕ್ಕ ಆ ಎತ್ತರಕ್ಕೂ ಏರಿ ಕೂತಿತ್ತು.

2020ರ ಲಾಕ್‌ಡೌನಿನಲ್ಲಿ ಲಡಾಖಿನಲ್ಲಿ ಸಿಕ್ಕಿಕೊಂಡ ಅರವತ್ತು ಜನ ಜಾರ್ಖಂಡಿನ ಕೂಲಿಗಳನ್ನು ಮೇ 29ರಂದು ವಿಮಾನದಲ್ಲಿ ರಾಂಚಿಗೆ ಕರೆತಂದರು. ದೊಡ್ಡ ಸುದ್ದಿಯಾಯಿತು. ಎರಡು ವಾರ ಕಳೆದು, ಜೂನ್ 13ರಂದು, ದುಮ್ಕಾದಿಂದ ಸಾವಿರದ ಆರುನೂರರಷ್ಟು ಕೂಲಿಗಳನ್ನು ತುಂಬಿಕೊಂಡು ಇನ್ನೊಂದು ರೈಲು ಅದೇ ಗಡಿ ರಸ್ತೆಗಳಿಗೆ ಹೊರಟಿತು. ಹಿಂದಕ್ಕೆ ತಂದದ್ದು ಕರುಣೆ, ಮತ್ತೆ ಕಳಿಸಿದ್ದು ಹಸಿವು.

ಇನ್ನು ಗಾಟಾ ತಿರುವುಗಳ ಮಾತು. ಅಲ್ಲಿ ಒಂದು ತಿರುವಿನಲ್ಲಿ ನೀರಿನ ಬಾಟಲಿಗಳ ರಾಶಿ ಬಿದ್ದಿರುತ್ತದೆಯಂತೆ. ಅದರ ಹಿಂದೆ ಒಂದು ಕಥೆ ಹೇಳುತ್ತಾರೆ. ಹಿಂದೆ ಯಾವಾಗಲೋ ಚಳಿಗಾಲ ಶುರುವಾಗುವ ಹೊತ್ತಿನಲ್ಲಿ ಒಂದು ಲಾರಿ ಅಲ್ಲಿ ಕೆಟ್ಟಿತು. ಕ್ಲೀನರ್ ಹುಡುಗನಿಗೆ ಮೈ ಹುಷಾರಿರಲಿಲ್ಲ. ಡ್ರೈವರು ಅವನನ್ನು ಲಾರಿಯಲ್ಲೇ ಬಿಟ್ಟು ಸಹಾಯ ತರಲು ನಡೆದು ಹೋದ. ಹಿಮ ಬಿತ್ತು, ದಾರಿ ಮುಚ್ಚಿತು. ಜನ ಬರುವ ಹೊತ್ತಿಗೆ ಹುಡುಗ ಹಸಿವು, ನೀರಡಿಕೆ, ಚಳಿಯಲ್ಲಿ ಸತ್ತಿದ್ದ. ಈಗ ಅವನ ದೆವ್ವ ಬರುವ ಹೋಗುವವರಿಗೆ ನೀರು ಕೇಳುತ್ತದೆ ಅಂತ ಕಥೆ. ಆದ್ದರಿಂದ ಎಲ್ಲರೂ ಒಂದು ಬಾಟಲಿ ನೀರು ಇಟ್ಟು ಹೋಗುತ್ತಾರೆ.

‘ನೀನೂ ಇಟ್ಟೆಯಾ?’

‘ಇಟ್ಟೆ ಚಿಕ್ಕಪ್ಪ. ಎಲ್ಲರೂ ಇಟ್ಟರು.’

‘ದಾರೀಲಿ ಜಲ್ಲಿ ಒಡೀತಿದ್ದೋರಿಗೆ ಯಾರಾದರೂ ಕೊಟ್ರಾ?’

ಹುಡುಗ ನೆಲ ನೋಡಿದ. ಅವನನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವನು ನೀರು ಇಟ್ಟನಲ್ಲ, ಅದು ಒಳ್ಳೆಯ ಮನಸ್ಸೇ. ಆದರೆ ಸತ್ತ ಕ್ಲೀನರು ನೀರು ಕೇಳುವುದು ನಮಗೆ ಕೇಳಿಸುತ್ತದೆ, ಬದುಕಿರುವ ಕೂಲಿ ಕೇಳುವುದು ಕೇಳಿಸುವುದಿಲ್ಲ. ನೀರಿನ ವಿಷಯದಲ್ಲಿ ನಮ್ಮ ಜನಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. 1927ರ ಮಹಾಡದ ಕೆರೆ ನಮ್ಮದು. ಹಾಗಿದ್ದೂ ನಾವು ಗಾಡಿ ಮೇಲೆ ಕೂತ ಕೂಡಲೇ ಗಾಡಿಯವರ ಕಣ್ಣು ನಮಗೆ ಹೇಗೆ ಬಂತು?

ನನಗೆ ತೋಚುವುದು ಇಷ್ಟು. ‘ನೋಟ’ ಅನ್ನುವುದಕ್ಕೆ ಕಣ್ಣೊಂದೇ ಸಾಲದು. ನಿಂತು ನೋಡಲು ಬಿಡುವು ಬೇಕು. ಸಾಕಾದಾಗ ಹೊರಟು ಹೋಗುವ ಸ್ವಾತಂತ್ರ್ಯ ಬೇಕು. ಇವೆರಡೂ ಇದ್ದವನಿಗೆ ಅದು ನೋಟ, ಇಲ್ಲದವನಿಗೆ ಅದು ಕೆಲಸದ ಜಾಗ. ಬೆಟ್ಟಕ್ಕೆ ಜಾತಿಯಿಲ್ಲ, ನೋಡುವುದರಲ್ಲಿ ಜಾತಿ ಬರುತ್ತದೆ. ಈ ಮಾತನ್ನು ಆ ನಾಡಿನವರಿಗೂ ಹೇಳಬೇಕು. ಬೌದ್ಧರ ಸೀಮೆ, ಗೊಂಪಾಗಳ ಸೀಮೆ ಅಂತ ನಮ್ಮ ಹುಡುಗ ಕೈಮುಗಿದು ಬಂದ. ಆದರೆ ಅಲ್ಲಿಯೂ ವಾದ್ಯ ನುಡಿಸುವ ಮೋನ್ ಮತ್ತು ಬೇಡ, ಕಬ್ಬಿಣ ಬಡಿಯುವ ಗಾರಾ ಜನರನ್ನು ಪಂಕ್ತಿಯ ಕೊನೆಗೆ ಕೂರಿಸುವ ವಾಡಿಕೆ ಬೆಳೆದು ಬಂದಿದೆ. ಬುದ್ಧನ ಹೆಸರಿದ್ದ ಕಡೆಯಲ್ಲೂ ಬುದ್ಧನ ಮಾತಿಗೆ ಹೋರಾಡಲೇಬೇಕು.

ಹಾಗಾದರೆ ಬಿಡುವು ಯಾರು ಕೊಟ್ಟರು? ಅದೂ ಮೇಲಿಂದ ಉದುರಿದ್ದಲ್ಲ. 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಇಲಾಖೆ ಬಾಬಾಸಾಹೇಬರ ಕೈಲಿತ್ತು. ಕಾರ್ಖಾನೆಯ ಕೆಲಸಗಾರರಿಗೆ ಸಂಬಳ ಸಹಿತ ರಜೆ ಕೊಡುವ ಮಸೂದೆಯನ್ನು ಮಂಡಿಸಿದವರು ಅವರು. 1945ರಲ್ಲಿ ಅದು ಕಾನೂನಾಯಿತು. ಬಿಡುವಿಲ್ಲದವನಿಗೆ ಸಂಸ್ಕೃತಿ ಇಲ್ಲ, ಹಗಲಿರುಳು ದುಡಿಯುವವನ ಬಾಳು ಪಶುವಿನ ಬಾಳಾಗುತ್ತದೆ ಅಂತ ಗಾಂಧೀವಾದದ ಮೇಲೆ ಬರೆಯುವಾಗ ವಾದಿಸಿದವರೂ ಅವರೇ. ನಮ್ಮ ಹುಡುಗ ಹತ್ತು ದಿನ ಸಂಬಳದ ರಜೆ ಹಾಕಿ ಲಡಾಖಿಗೆ ಹೋದದ್ದು ಈ ಹೋರಾಟದ ದಾರಿಯಲ್ಲೇ. ಫೋಟೋದಲ್ಲಿ ಕತ್ತರಿಸಿ ಹೋದ ಹೆಂಗಸಿಗೆ ಕೆಲಸವಿಲ್ಲದ ದಿನ ಕೂಲಿಯೂ ಇಲ್ಲ. ಹುಡುಗನಿಗೂ ಅವಳಿಗೂ ಇರುವ ದೂರ ಇದೇ.

‘ನಾವು ಹೋಗೋದರಿಂದಲೇ ಅಲ್ಲಿನವರಿಗೆ ನಾಲ್ಕು ಕಾಸು ಸಿಗೋದು’ ಅಂದ ಒಬ್ಬ ಹುಡುಗ. ಹೋಟೆಲಿನವರಿಗೆ, ಟ್ಯಾಕ್ಸಿಯವರಿಗೆ ಸಿಗುತ್ತದೆ, ನಿಜ. ಆದರೆ ‘ನಾವು ಕೆಲಸ ಕೊಡದಿದ್ದರೆ ನೀವೇನು ತಿಂತಿದ್ರಿ’ ಅನ್ನುವ ಮಾತನ್ನು ನಾವು ಬೇರೆ ಬಾಯಲ್ಲಿ ಎಷ್ಟು ವರ್ಷ ಕೇಳಿದ್ದೇವೆ! ಅದೇ ಮಾತು ನಮ್ಮ ಹುಡುಗರ ಬಾಯಲ್ಲಿ ಬಂದಾಗ ನನಗೆ ಭಯವಾಗುತ್ತದೆ.

ಇಷ್ಟು ಹೊತ್ತಿಗೆ ಅಣ್ಣ ಒಳಗಿಂದ ಬಂದ. ‘ಎಲ್ಲಿ, ಕೊಡು ನೋಡೋಣ’ ಅಂದ. ಫೋನನ್ನು ಎಡಗಣ್ಣಿನ ಹತ್ತಿರ ಹಿಡಿದುಕೊಂಡು ಅಗಲವಾದ ಫೋಟೋವನ್ನೇ ಬಹಳ ಹೊತ್ತು ನೋಡಿದ. ಬೆಟ್ಟದ ಬಗ್ಗೆ ಏನೂ ಹೇಳಲಿಲ್ಲ. ರಸ್ತೆಯ ಕೆಳಗೆ, ಪ್ರಪಾತದ ಬದಿಗೆ, ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಒಂದು ತಡೆಗೋಡೆ ಇತ್ತು. ನಾವ್ಯಾರೂ ಅದನ್ನು ನೋಡಿರಲಿಲ್ಲ.

‘ಈ ಗೋಡೆ ಕಟ್ಟಿರೋನು ಬಲ್ಲವನು ಕಣ್ರೋ. ಕಲ್ಲಿನ ಮುಖ ನೋಡಿ ಕೂರಿಸವ್ನೆ. ಏನ್ ಚೆನ್ನಾಗೈತೆ!’

ನಾನು ತಲೆ ತಗ್ಗಿಸಿದೆ. ದುಡಿಯುವವನಿಗೆ ಚೆಲುವು ಬೇಡ ಅಂತ ವರ್ಷಗಟ್ಟಲೆ ಭಾಷಣ ಮಾಡಿದವನು ನಾನು. ದುಡಿಯುವವನ ಕಣ್ಣಿಗೆ ಚೆಲುವು ಕಾಣುವುದಿಲ್ಲ ಅಂತ ಮೇಲಿನವರು ಹೇಳುತ್ತಾ ಬಂದದ್ದಕ್ಕೂ ನನ್ನ ಮಾತಿಗೂ ಏನು ವ್ಯತ್ಯಾಸ? ಆ ಫೋಟೋದಲ್ಲಿ ಮನುಷ್ಯ ಮಾಡಿದ ಅತಿ ಚೆಲುವಾದ ವಸ್ತು ಯಾವುದೋ ಅದನ್ನು ಕಂಡವನು ಒಂದೇ ಕಣ್ಣಿನ ಜಲ್ಲಿ ಕೂಲಿ.

ಆಮೇಲೆ ಅಣ್ಣ ಅಂಚಿನಲ್ಲಿದ್ದ ಮೂವರನ್ನು ನೋಡಿದ. ಮಗನನ್ನು ಕೇಳಿದ:

‘ಅಲ್ಲಾ ಮಗಾ, ಅಷ್ಟೊಂದು ಚಳಿ ಅಂತೀಯಲ್ಲ. ಇವರು ರಾತ್ರಿ ಎಲ್ಲಿ ಮಲಗ್ತಾರೆ?’

ಹುಡುಗನಿಗೆ ಗೊತ್ತಿರಲಿಲ್ಲ. ನನಗೂ ಎದುರಿಗೆ ಉತ್ತರ ಬರಲಿಲ್ಲ. ಆದರೆ 2010ರ ಆಗಸ್ಟ್ 5ರ ರಾತ್ರಿ ನೆನಪಾಯಿತು. ಆ ರಾತ್ರಿ ಲೇಹ್‌ನಲ್ಲಿ ಮೇಘಸ್ಫೋಟವಾಗಿ ಕೆಸರಿನ ಪ್ರವಾಹ ಬಂತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಊರಿನವರ ಜೊತೆ, ಕೂಲಿಗೆಂದು ಬಯಲಿನಿಂದ, ನೇಪಾಳದಿಂದ ಬಂದವರೂ ಆ ಸತ್ತವರಲ್ಲಿದ್ದರು. ಮಲಗುವ ಹೊತ್ತು ಅದು. ಯಾರು ಎಲ್ಲಿ ಮಲಗುತ್ತಾರೆ ಎಂಬುದು ಅಂಥ ರಾತ್ರಿಯಲ್ಲಿ ಬದುಕು ಸಾವಿನ ಪ್ರಶ್ನೆಯಾಗುತ್ತದೆ.

ಗೆಳೆಯರೆ, ನಮ್ಮ ಮಕ್ಕಳು ಬೆಟ್ಟ ನೋಡಲು ಹೋಗುವುದು ಬೇಡ ಅಂತ ನಾನು ಇನ್ನು ಹೇಳುವುದಿಲ್ಲ. ಹೋಗಲಿ. ಕತ್ತು ಎತ್ತಿಕೊಂಡು ಹೋಗಲಿ. ಚೆಲುವನ್ನು ಕಂಡು ಜಾತಿ ಮರೆತರೆ ಅದೂ ಒಳ್ಳೆಯದೇ, ಒಂದು ಗಳಿಗೆಯಾದರೂ. ಜಾತಿಯನ್ನು ಮರೆಯಲಿ, ಜನರನ್ನು ಮರೆಯದಿರಲಿ. ಯಾವ ನೋಟ ನೀಟಾಗಿ ಕಾಣಲು ಮನುಷ್ಯರನ್ನು ಕತ್ತರಿಸಬೇಕೋ ಆ ನೋಟದಲ್ಲಿ ಏನೋ ಕೊಳೆತಿದೆ ಅಂತ ತಿಳಿಯಬೇಕು. ಕೂಲಿಯವನಿಗೆ ನೀರು ಕೊಟ್ಟು ಪುಣ್ಯ ಕಟ್ಟಿಕೊಂಡರೆ ಸಾಲದು. ಅವನಿಗೆ ಬೆಚ್ಚಗಿನ ಸೂರು, ಸಂಬಳದ ರಜೆ, ಸತ್ತರೆ ಊರ ಮಣ್ಣು ಹಕ್ಕಾಗಿ ಸಿಗುವವರೆಗೆ ನಮ್ಮ ಹೋರಾಟದ ಲೆಕ್ಕ ಮುಗಿಯ�ುವುದಿಲ್ಲ. ಮುಂದೊಂದು ದಿನ ದುಮ್ಕಾದ ಆ ಹೆಂಗಸು ತಾನು ಕಟ್ಟಿದ ಗೋಡೆಯನ್ನು ತನ್ನ ಮಕ್ಕಳಿಗೆ ತೋರಿಸಲು, ಕೈಯಲ್ಲಿ ಸುತ್ತಿಗೆಯಿಲ್ಲದೆ, ಅದೇ ದಾರಿಯಲ್ಲಿ ಗಾಡಿಯಲ್ಲಿ ಕೂತು ಬರಬೇಕು.

ಹುಡುಗ ಮುಂದಿನ ವರ್ಷ ಉಮ್ಲಿಂಗ್ ಲಾಕ್ಕೆ ಹೋಗುತ್ತಾನಂತೆ. ‘ಹೋಗಿ ಬರಲಾ ಅಪ್ಪ?’ ಅಂತ ಕೇಳಿದ.

‘ಹೋಗು’ ಅಂದ ಅಣ್ಣ. ‘ನಾನು ಕೇಳಿದ್ದನ್ನ ಮಾತ್ರ ತಿಳ್ಕೊಂಡು ಬಾ.’